ಐಸಿಯುನಲ್ಲಿ "ನಾವೇ ಮಲಗಿಸಿದೀವಿ" ಅಂತಾರಲ್ಲ, ಹಂಗಂದ್ರೇನು?

ಬೈಕಿಂದ ಬಿದ್ದು ತಲೆಗೆ ಜೋರು ಪೆಟ್ಟಾಗಿ ಐಸಿಯುಗೆ ಬಂದವರ ಮನೆಯೋರು ನನ್ನ ಹತ್ರ ಮೊದಲು ಕೇಳೋದು ಒಂದೇ ಮಾತು, "ಸಿಸ್ಟರ್, ಜ್ಞಾನ ಬಂತಾ?" ಅಷ್ಟೊತ್ತಿಗೆ ಡಾಕ್ಟರ್ ಹೊರಗೆ ಬಂದು "ಪೇಷಂಟ್ ಸೆಡೇಶನ್ ಮೇಲಿದಾರೆ, ನಾವೇ ಮಲಗಿಸಿದೀವಿ" ಅಂತ ಹೇಳಿ ಹೋಗಿರ್ತಾರೆ, ಆದ್ರೆ ಆ ಮಾತು ಒಂದೋ ಅರ್ಥ ಆಗಿರಲ್ಲ ಇಲ್ಲಾ ಅರ್ಧ ಅರ್ಥ ಆಗಿ ಭಯ ಇನ್ನೂ ಜಾಸ್ತಿ ಆಗಿರತ್ತೆ. ಮೊನ್ನೆ ಶಿರಾ ಕಡೆಯ ಒಬ್ಬ ತಾಯಿ ನೇರವಾಗೇ ಕೇಳಿದ್ರು, "ಬರುವಾಗ ಕೈಕಾಲು ಆಡಿಸ್ತಿದ್ದ ಕಣವ್ವಾ, ನೀವ್ಯಾಕೆ ಮಲಗಿಸಿದ್ರಿ?"

ಕೇಳಬೇಕಾದ ಪ್ರಶ್ನೆನೇ ಅದು. ಹೊರಗೆ ಚೇರ್ ಮೇಲೆ ಕೂತು ದಿನ ಎಣಿಸೋರಿಗೆ ಇದನ್ನ ಕೂತು ಬಿಡಿಸಿ ಹೇಳೋಷ್ಟು ಟೈಮು ಡ್ಯೂಟಿಲಿ ಸಿಗಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ಸ್ಟಾಫ್ ನರ್ಸ್. ಯಾವ ಔಷಧಿ, ಎಷ್ಟು ಅನ್ನೋದು ಅವರ ತೀರ್ಮಾನ, ನಾವು ಆ ಔಷಧಿನ ನಿಧಾನಕ್ಕೆ ನರಕ್ಕೆ ಬಿಡೋ ಪಂಪ್ ನೋಡ್ಕೊಳ್ಳೋರು. ಆದ್ರೆ 12 ಗಂಟೆ ಒಂದೇ ಬೆಡ್ ಪಕ್ಕ ನಿಂತ್ರೆ ಕೆಲವು ವಿಷಯ ತಾನಾಗೇ ತಲೆಗೆ ಹೋಗತ್ತೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತೋರು ಸುಮಾರು 1.68 ಲಕ್ಷ ಜನ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಟೂವೀಲರ್‌ನೋರು. ಬದುಕಿ ಐಸಿಯುಗೆ ಬಂದೋರ ಲೆಕ್ಕ ಬೇರೆ. ಹಂಗಾಗಿ ಇದು ಯಾರಿಗೋ ಸಂಬಂಧಪಟ್ಟ ವಿಷಯ ಅಂತ ಬಿಡೋ ಹಾಗಿಲ್ಲ.

ಮುಚ್ಚಳ ತೆಗೆಯಕ್ಕಾಗದ ಡಬ್ಬಿ

ರಾತ್ರಿ ದೋಸೆ ಹಿಟ್ಟನ್ನ ಡಬ್ಬಿ ತುಂಬಾ ಹಾಕಿ ಮುಚ್ಚಿಟ್ರೆ ಬೆಳಿಗ್ಗೆ ಏನಾಗತ್ತೆ ಗೊತ್ತಲ್ಲ, ಹಿಟ್ಟು ಉಬ್ಬಿ ಮುಚ್ಚಳ ತಳ್ಳಿ ಕಟ್ಟೆ ಮೇಲೆಲ್ಲಾ ಹರಿದಿರತ್ತೆ. ತಲೆಬುರುಡೆನೂ ಒಂದು ಡಬ್ಬಿನೇ, ಆದ್ರೆ ಅದರ ಮುಚ್ಚಳ ತಳ್ಳಕ್ಕಾಗಲ್ಲ. ಒಳಗೆ ಇರೋದು ಮೂರು ಪದಾರ್ಥ: ಮೆದುಳು ಸುಮಾರು 80 ಪರ್ಸೆಂಟ್, ರಕ್ತ ಸುಮಾರು 10, ಮೆದುಳಿನ ಸುತ್ತ ಇರೋ ನೀರು ಸುಮಾರು 10. ಪೆಟ್ಟು ಬಿದ್ದಾಗ ರಕ್ತ ಹೆಪ್ಪುಗಟ್ಟಬಹುದು, ಮೆದುಳೇ ಊದಿಕೊಳ್ಳಬಹುದು. ಒಂದು ಜಾಸ್ತಿ ಆದ್ರೆ ಇನ್ನೊಂದು ಜಾಗ ಬಿಡಬೇಕು. ಮೊದಲು ನೀರು ಕೆಳಗೆ ಬೆನ್ನುಹುರಿ ಕಡೆ ಜರುಗತ್ತೆ, ಆಮೇಲೆ ರಕ್ತ ಸ್ವಲ್ಪ ಜರುಗತ್ತೆ, ಅಷ್ಟೇ, ಇನ್ನು ಜಾಗ ಇಲ್ಲ. ಅಲ್ಲಿಂದ ಮುಂದೆ ಒಂದು ಚೂರು ಊದಿದ್ರೂ ಒಳಗಿನ ಪ್ರೆಶರ್ ಸರ್ರಂತ ಏರತ್ತೆ.

ಈ ಪ್ರೆಶರ್‌ಗೇ ಐಸಿಪಿ ಅನ್ನೋದು. ಆರೋಗ್ಯವಾಗಿರೋರಿಗೆ ಸುಮಾರು 5ರಿಂದ 15 ಮಿಲಿಮೀಟರ್ ಮರ್ಕ್ಯುರಿ ಇರತ್ತೆ. 22 ದಾಟಿ ನಿಂತ್ರೆ ಇಳಿಸಲೇಬೇಕು ಅನ್ನೋದು 2016ರಿಂದ ಹೆಚ್ಚಿನ ನ್ಯೂರೋ ಐಸಿಯುಗಳು ಪಾಲಿಸೋ ಗೆರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ರಸ್ತೇಲಿ ಬಿದ್ದಾಗ ಆದ ಪೆಟ್ಟು ಆಗಿಹೋಯ್ತು, ಅದನ್ನ ಯಾವ ಔಷಧಿನೂ ವಾಪಸ್ ತರಲ್ಲ. ಐಸಿಯುನಲ್ಲಿ ನಡೆಯೋ ಹೋರಾಟ ಎಲ್ಲಾ ಎರಡನೇ ಪೆಟ್ಟಿನ ಮೇಲೆ. ಊತ, ಆಕ್ಸಿಜನ್ ಕಮ್ಮಿ ಆಗೋದು, ಬಿಪಿ ಬೀಳೋದು, ಫಿಟ್ಸ್ ಬರೋದು, ಇವುಗಳಿಂದ ಗಂಟೆಗಟ್ಟಲೆ, ದಿನಗಟ್ಟಲೆ ಆಗ್ತಾ ಹೋಗೋ ಹಾನಿ ಅದು. ಮಲಗಿಸೋದು ಈ ಎರಡನೇ ಪೆಟ್ಟು ತಪ್ಪಿಸೋಕೆ.

ಮಲಗಿಸಿದ್ರೆ ಪ್ರೆಶರ್ ಯಾಕೆ ಇಳಿಯತ್ತೆ

ನಮ್ಮ ಮೈತೂಕದಲ್ಲಿ ಮೆದುಳು ಬರೀ 2 ಪರ್ಸೆಂಟ್, ಆದ್ರೆ ಮೈಗೆ ಸಿಗೋ ಆಕ್ಸಿಜನ್‌ನಲ್ಲಿ ಸುಮಾರು 20 ಪರ್ಸೆಂಟ್ ಅದೊಂದೇ ತಿನ್ನತ್ತೆ. ಮನೇಲಿ ಗೀಸರ್, ಮಿಕ್ಸಿ, ಟೀವಿ ಎಲ್ಲಾ ಆನ್ ಇದ್ರೆ ಮೀಟರ್ ಗಿರಗಿರ ತಿರುಗತ್ತೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ನಿಧಾನ ಆಗತ್ತಲ್ಲ, ಮೆದುಳೂ ಹಂಗೇ. ಔಷಧಿ ಕೊಟ್ಟು ಆಳವಾಗಿ ಮಲಗಿಸಿದ್ರೆ ಅದರ ಕೆಲಸ ಕಮ್ಮಿ, ಕೆಲಸ ಕಮ್ಮಿ ಆದ್ರೆ ಅದಕ್ಕೆ ಬೇಕಾದ ರಕ್ತ ಕಮ್ಮಿ, ರಕ್ತ ಕಮ್ಮಿ ಆದ್ರೆ ಡಬ್ಬಿ ಒಳಗೆ ಅಷ್ಟು ಜಾಗ ಉಳೀತು.

ಎರಡನೇ ಕಾರಣ ಇನ್ನೂ ಸರಳ. ಉಸಿರಾಟಕ್ಕೆ ಅಂತ ಬಾಯಿಂದ ಹಾಕಿದ ಟ್ಯೂಬ್ ಇಟ್ಕೊಂಡು ಯಾರೂ ಸುಮ್ನೆ ಇರಲ್ಲ. ಕೆಮ್ತಾರೆ, ಒದ್ದಾಡ್ತಾರೆ, ವೆಂಟಿಲೇಟರ್ ಉಸಿರು ಕೊಡುವಾಗ ಇವರು ಉಸಿರು ಬಿಡಕ್ಕೆ ನೋಡ್ತಾರೆ. ನಾವು ಕಫ ತೆಗೆಯಕ್ಕೆ ಸಕ್ಷನ್ ಪೈಪ್ ಹಾಕ್ತೀವಲ್ಲ, ಆಗ ಮಾನಿಟರ್ ನೋಡ್ಬೇಕು, 14 ಇದ್ದ ಐಸಿಪಿ ಒಂದು ಕೆಮ್ಮಿಗೆ 30 ದಾಟತ್ತೆ. ಆರೋಗ್ಯವಾಗಿರೋ ಮೆದುಳಿಗೆ ಅದು ಲೆಕ್ಕಕ್ಕಿಲ್ಲ, ಮರುಗಳಿಗೆ ಇಳಿಯತ್ತೆ. ಊದಿರೋ ಮೆದುಳಲ್ಲಿ ಏರಿದ್ದು ಏರಿದಂಗೇ ನಿಲ್ಲತ್ತೆ. ಅದಕ್ಕೇ ಸಕ್ಷನ್‌ಗೆ ಮುಂಚೆ ಸ್ವಲ್ಪ ಔಷಧಿ ಜಾಸ್ತಿ ಕೊಡಕ್ಕೆ ಹೇಳಿರ್ತಾರೆ.

ಆ ತಾಯಿ ಕೇಳಿದ್ರಲ್ಲ, ಕೈಕಾಲು ಆಡಿಸ್ತಿದ್ದೋನ್ನ ಯಾಕೆ ಮಲಗಿಸಿದ್ರಿ ಅಂತ, ಅದಕ್ಕೆ ಮೊದಲು ಟ್ಯೂಬ್ ಯಾಕೆ ಬೇಕು ಅಂತ ಹೇಳ್ಬೇಕು. ಕೈಕಾಲು ಆಡೋದೂ ಎಚ್ಚರ ಇರೋದೂ ಒಂದೇ ಅಲ್ಲ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಅನ್ನೋ ಇಬ್ಬರು ಡಾಕ್ಟರ್‌ಗಳು ಎಚ್ಚರ ಎಷ್ಟಿದೆ ಅಂತ ನೋಡೋ ಒಂದು ಅಳತೆ ಮಾಡಿದ್ರು, ಜಿಸಿಎಸ್ (ಗ್ಲಾಸ್ಗೋ ಕೋಮಾ ಸ್ಕೇಲ್) ಅಂತ. ಕಣ್ಣು ಬಿಡೋದಕ್ಕೆ ಹೆಚ್ಚಂದ್ರೆ 4, ಮಾತಿಗೆ 5, ಕೈಕಾಲು ಆಡಿಸೋದಕ್ಕೆ 6, ಒಟ್ಟು 15. ಏನೂ ಮಾಡದೇ ಇದ್ರೂ 3 ಸಿಗತ್ತೆ, ಸೊನ್ನೆ ಇಲ್ಲ. 8 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ತೀವ್ರ ಪೆಟ್ಟು ಅಂತ ಲೆಕ್ಕ. ಅಂಥೋರಿಗೆ ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟಬಹುದು, ವಾಂತಿ ಶ್ವಾಸಕೋಶಕ್ಕೆ ಹೋಗಬಹುದು, ಹಂಗಾಗಿ ಟ್ಯೂಬ್ ಬೇಕೇ ಬೇಕು.

ಇದಕ್ಕೇ ಅಂಟಿಕೊಂಡ ಇನ್ನೊಂದು ವಿಷಯ. ಟ್ಯೂಬ್, ವೆಂಟಿಲೇಟರ್ ಇಲ್ಲದೇ ಬರೀ ನಿದ್ದೆ ಇಂಜೆಕ್ಷನ್ ಕೊಟ್ರೆ ಉಸಿರಾಟ ನಿಧಾನ ಆಗತ್ತೆ, ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರ್ಕೊಳ್ಳತ್ತೆ, ಅದು ಮೆದುಳಿನ ರಕ್ತನಾಳ ಅಗಲ ಮಾಡತ್ತೆ, ಪ್ರೆಶರ್ ಏರತ್ತೆ. ಇಳಿಸೋಕೆ ಅಂತ ಕೊಟ್ಟಿದ್ದೇ ಏರಿಸಿದಂಗಾಯ್ತು. "ವೆಂಟಿಲೇಟರ್ ಬೇಡ, ಬರೀ ಮಲಗಿಸಿ" ಅಂತ ಕೆಲವರು ಕೇಳ್ತಾರೆ. ಆಗಲ್ಲ ಅನ್ನೋದಕ್ಕೆ ಇದೇ ಕಾರಣ.

ಮಲಗಿಸೋಕೆ ಹೋಗಿ ಬಿಪಿ ಬೀಳಿಸಿದ್ರೆ

ಮಲಗಿಸೋ ಔಷಧಿಗಳಲ್ಲಿ ಹೆಚ್ಚಿನವಕ್ಕೆ ಒಂದು ಕೆಟ್ಟ ಗುಣ ಇದೆ, ಬಿಪಿ ಇಳಿಸ್ತಾವೆ. ಮೇಲಿನ ಮಹಡಿ ನಲ್ಲಿಗೆ ನೀರು ಹತ್ತಬೇಕು ಅಂದ್ರೆ ಕೆಳಗಿಂದ ತಳ್ಳೋ ಫೋರ್ಸು ಮೇಲಿನ ಅಡ್ಡಿಗಿಂತ ಜಾಸ್ತಿ ಇರಬೇಕು ತಾನೇ. ಮೆದುಳಿಗೆ ರಕ್ತ ಹತ್ತೋ ಲೆಕ್ಕನೂ ಅದೇ, ಸರಾಸರಿ ಬಿಪಿಯಿಂದ ಐಸಿಪಿ ಕಳೆದ್ರೆ ಉಳಿಯೋದು ಮೆದುಳಿಗೆ ಸಿಗೋ ಫೋರ್ಸು. ಅದು 60ರಿಂದ 70 ಇರಬೇಕು. ಸರಾಸರಿ ಬಿಪಿ 85, ಐಸಿಪಿ 25 ಇದ್ರೆ 60 ಉಳೀತು, ಪರವಾಗಿಲ್ಲ. ಈಗ ನಿದ್ದೆ ಔಷಧಿ ಜೋರಾಗಿ ಬಿಟ್ವಿ ಅಂದ್ಕೊಳ್ಳಿ, ಐಸಿಪಿ 18ಕ್ಕೆ ಇಳೀತು, ಆದ್ರೆ ಬಿಪಿನೂ 60ಕ್ಕೆ ಬಿತ್ತು. ಉಳಿದಿದ್ದು 42. ಸ್ಕ್ರೀನ್ ಮೇಲೆ ಐಸಿಪಿ ಚೆನ್ನಾಗೇ ಕಾಣತ್ತೆ, ಮೆದುಳು ಮಾತ್ರ ಒಣಗ್ತಿರತ್ತೆ.

ತಲೆಪೆಟ್ಟಿನವರಿಗೆ ಮೇಲಿನ ಬಿಪಿ ಒಂದೇ ಒಂದು ಸಲ 90ಕ್ಕಿಂತ ಕೆಳಗೆ ಹೋದ್ರೂ ಸಾವಿನ ಸಾಧ್ಯತೆ ಹೆಚ್ಚುಕಮ್ಮಿ ಎರಡು ಪಟ್ಟು ಆಗಿದ್ದು 1990ರ ದಶಕದಲ್ಲೇ ಲೆಕ್ಕ ಹಾಕಿ ತೋರಿಸಿದಾರೆ. ನಿದ್ದೆ ಔಷಧಿ ಪಂಪ್ ಪಕ್ಕದಲ್ಲೇ ನಾರ್‌ಅಡ್ರಿನಲಿನ್ ಅನ್ನೋ ಬಿಪಿ ಏರಿಸೋ ಔಷಧಿ ಪಂಪ್ ಇರೋದು ಅದಕ್ಕೇ. ಒಂದು ಇಳಿಸತ್ತೆ, ಇನ್ನೊಂದು ಎತ್ತಿ ಹಿಡಿಯತ್ತೆ. ಬಿಲ್‌ನಲ್ಲಿ ಎರಡೂ ನೋಡಿ "ಇದೇನು ತಮಾಷೆ" ಅಂತ ಒಬ್ಬರು ಜಗಳಕ್ಕೇ ಬಂದಿದ್ರು.

ಯಾವ ಔಷಧಿ, ಯಾರಿಗೆ, ಯಾಕೆ

ಮೊದಲು ನೋವು. ನಿದ್ದೆ ಬಂದೋರಿಗೆ ನೋವಾಗಲ್ಲ ಅನ್ನೋದು ತಪ್ಪು, ಮುರಿದ ಪಕ್ಕೆಲುಬು, ಗಂಟಲಲ್ಲಿರೋ ಟ್ಯೂಬ್, ಇವು ಮಲಗಿದ್ರೂ ಬಿಪಿ, ಐಸಿಪಿ ಏರಿಸ್ತಾನೇ ಇರ್ತಾವೆ. ಅದಕ್ಕೆ ಫೆಂಟನಿಲ್ ಅಥವಾ ಮಾರ್ಫಿನ್ ಮೊದಲು ಶುರು ಆಗತ್ತೆ, ಅದರ ಮೇಲೆ ನಿದ್ದೆ ಔಷಧಿ. ನೋವು ಸರಿಯಾಗಿ ಹಿಡಿತಕ್ಕೆ ಬಂದ್ರೆ ನಿದ್ದೆ ಔಷಧಿ ಎಷ್ಟೋ ಕಮ್ಮಿ ಸಾಕಾಗತ್ತೆ.

ನಿದ್ದೆಗೆ ಹೆಚ್ಚು ಕಡೆ ಮೊದಲ ಆಯ್ಕೆ ಪ್ರೊಪೊಫಾಲ್. ನೋಡಕ್ಕೆ ಥೇಟ್ ಹಾಲು, 50 ಎಂಎಲ್ ಸಿರಿಂಜ್‌ನಲ್ಲಿ ತುಂಬಿ ಪಂಪ್‌ಗೆ ಕೂರಿಸಿದ್ರೆ ಹೊಸಬರು ಗಾಬರಿಯಾಗಿ "ಹಾಲನ್ನ ನರಕ್ಕೆ ಕೊಡ್ತಿದೀರಾ" ಅಂತ ಕೇಳಿದ್ದೂ ಇದೆ. ಅದು ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್‌ನಲ್ಲಿ ಕಲಸಿದ ಔಷಧಿ, ಕೀಟಾಣು ಬೇಗ ಬೆಳೆಯೋಕೆ ಒಳ್ಳೆ ಜಾಗ, ಹಂಗಾಗಿ 12 ಗಂಟೆಗೊಂದ್ಸಲ ಲೈನ್ ಸಮೇತ ಬದಲಾಯಿಸ್ತೀವಿ. ಎಣ್ಣೆ ಇರೋದ್ರಿಂದ ಒಂದು ಎಂಎಲ್‌ಗೆ 1.1 ಕ್ಯಾಲರಿ ಲೆಕ್ಕ, ಗಂಟೆಗೆ 20 ಎಂಎಲ್ ಓಡ್ತಿದ್ರೆ ದಿನಕ್ಕೆ 500 ಕ್ಯಾಲರಿ ಮೇಲಾಯ್ತು, ಮೂಗಿನ ನಳಿಕೆಲಿ ಕೊಡೋ ಊಟದಲ್ಲಿ ಡಯಟಿಷಿಯನ್ ಅಷ್ಟು ಕಳೀತಾರೆ.

ಇದರ ದೊಡ್ಡ ಗುಣ ಬೇಗ ಹತ್ತೋದು, ಬೇಗ ಇಳಿಯೋದು. ಸ್ವಲ್ಪ ಹೊತ್ತು ಮಾತ್ರ ಕೊಟ್ಟಿದ್ರೆ ಪಂಪ್ ನಿಲ್ಲಿಸಿದ ಕೆಲವೇ ನಿಮಿಷಕ್ಕೆ ಪೇಷಂಟ್ ಅಲುಗಾಡ್ತಾರೆ, ಡಾಕ್ಟರ್ ನರಗಳನ್ನ ಪರೀಕ್ಷೆ ಮಾಡಿ ಮತ್ತೆ ಮಲಗಿಸಬಹುದು. ಕೆಟ್ಟ ಗುಣ ಎರಡು. ಬಿಪಿ ಬೀಳಿಸೋದು ಒಂದು. ಎರಡನೇದು ಅಪರೂಪ ಆದ್ರೆ ಭಯಂಕರ: ಕೆಜಿಗೆ ಗಂಟೆಗೆ 4 ಮಿಲಿಗ್ರಾಂ ಮೀರಿ 48 ಗಂಟೆಗಿಂತ ಜಾಸ್ತಿ ಓಡಿಸಿದ್ರೆ ಕೆಲವರಿಗೆ ರಕ್ತ ಆಮ್ಲ ಆಗಿ, ಸ್ನಾಯು ಕರಗಿ, ಹೃದಯ ಕೈಕೊಡತ್ತೆ. ಮಕ್ಕಳಿಗೆ ಈ ಅಪಾಯ ಹೆಚ್ಚು ಅಂತ ಅವರಿಗೆ ದಿನಗಟ್ಟಲೆ ಕೊಡಲ್ಲ. ಮೈಕಲ್ ಜಾಕ್ಸನ್ 2009ರಲ್ಲಿ ಸತ್ತಿದ್ದು ಇದೇ ಔಷಧಿಯಿಂದ, ಅದೂ ಮನೇಲಿ, ಬರೀ ನಿದ್ದೆ ಬರಲ್ಲ ಅಂತ ತಗೊಂಡು. ಐಸಿಯುನಲ್ಲಿ ಉಸಿರಿಗೆ ಮೆಷಿನ್ ಇದೆ, ಪಕ್ಕದಲ್ಲಿ ಜನ ಇದಾರೆ. ಔಷಧಿ ಅದೇ ಆದ್ರೂ ಕಥೆ ಬೇರೆ ಆಗೋದು ಹಂಗೆ.

ಮಿಡಾಜೋಲಮ್ ಹಳೇ ಗೆಳೆಯ. ಅಗ್ಗ, ಎಲ್ಲಾ ಕಡೆ ಸಿಗತ್ತೆ, ಬಿಪಿಗೆ ಪ್ರೊಪೊಫಾಲ್‌ನಷ್ಟು ತೊಂದ್ರೆ ಕೊಡಲ್ಲ, ಫಿಟ್ಸ್ ಕೂಡ ತಡೆಯತ್ತೆ. ತೊಂದ್ರೆ ಏನಂದ್ರೆ ಮೈ ಕೊಬ್ಬಲ್ಲಿ ಸೇರ್ಕೊಂಡು ಕೂರತ್ತೆ. ನಾಲ್ಕೈದು ದಿನ ಓಡಿಸಿ ನಿಲ್ಲಿಸಿದ್ರೆ, ಅದರಲ್ಲೂ ಕಿಡ್ನಿ ಲಿವರ್ ಸೋತಿದ್ರೆ, ಮಂಪರು ಇಳಿಯಕ್ಕೆ ದಿನಗಳೇ ಹಿಡಿಯತ್ತೆ. ಆಗ ಏಳದೇ ಇರೋದು ಪೆಟ್ಟಿಂದಲೋ ಔಷಧಿಯಿಂದಲೋ ಅಂತ ಯಾರಿಗೂ ಹೇಳಕ್ಕಾಗಲ್ಲ. "ನಿಲ್ಲಿಸಿ ಎರಡು ದಿನ ಆಯ್ತು ಅಂದ್ರಿ, ಇನ್ನೂ ಎದ್ದಿಲ್ಲ" ಅಂತ ಮನೆಯೋರು ಕೇಳುವಾಗ ನಾನು ಮೊದಲು ಹಳೇ ಚಾರ್ಟ್ ತಿರುಗಿಸಿ ನೋಡೋದು ಮಿಡಾಜೋಲಮ್ ಎಷ್ಟು ಹೋಗಿದೆ ಅಂತಾನೇ.

ಕೆಟಮಿನ್ ಕಥೆ ಮಜವಾಗಿದೆ. 1970ರ ದಶಕದ ಕೆಲವು ವರದಿ ನೋಡಿ ತಲೆಪೆಟ್ಟಿಗೆ ಇದನ್ನ ಮುಟ್ಟಲೇಬಾರದು, ಪ್ರೆಶರ್ ಏರಿಸತ್ತೆ ಅಂತ ಪುಸ್ತಕಗಳಲ್ಲಿ ಬರೆದುಬಿಟ್ರು, ನಾವೂ ನರ್ಸಿಂಗ್ ಓದುವಾಗ ಹಂಗೇ ಬಾಯಿಪಾಠ ಮಾಡಿದ್ದು. ಆಮೇಲಿನ ಅಧ್ಯಯನಗಳಲ್ಲಿ ವೆಂಟಿಲೇಟರ್ ಮೇಲಿದ್ದು ಬೇರೆ ನಿದ್ದೆ ಔಷಧಿನೂ ಓಡ್ತಿರೋರಿಗೆ ಹಂಗೇನೂ ಏರಲ್ಲ ಅಂತ ಕಂಡುಬಂತು. ಬಿಪಿ ಬೀಳಿಸಲ್ಲ ಅನ್ನೋದು ಇದರ ಲಾಭ, ಹಂಗಾಗಿ ರಕ್ತ ಸುಮಾರು ಹೋಗಿರೋರಿಗೆ ಟ್ಯೂಬ್ ಹಾಕುವಾಗ ಈಗ ಕೆಟಮಿನ್ ಕೇಳ್ತಾರೆ.

ಡೆಕ್ಸ್‌ಮೆಡಿಟೊಮಿಡಿನ್, ನಮ್ಮ ಬಾಯಲ್ಲಿ ಡೆಕ್ಸ್, ಎಬ್ಬಿಸೋ ಟೈಮಿಗೆ ಬರೋ ಔಷಧಿ. ಇದರ ನಿದ್ದೆ ಬಸ್ಸಲ್ಲಿ ತೂಕಡಿಸಿದಂಗೆ, ಕರೆದ್ರೆ ಕಣ್ಣು ಬಿಡ್ತಾರೆ, "ಕೈ ಹಿಡಿ" ಅಂದ್ರೆ ಹಿಡೀತಾರೆ, ಬಿಟ್ರೆ ಮತ್ತೆ ಮಲಗ್ತಾರೆ. ಉಸಿರನ್ನ ಅಷ್ಟಾಗಿ ಕಟ್ಟಲ್ಲ. ಹೃದಯ ಬಡಿತ ನಿಧಾನ ಮಾಡತ್ತೆ, ಮತ್ತೆ ಐಸಿಪಿ ಏರಿ ಕೂತಾಗ ಬೇಕಾಗೋ ಆಳದ ನಿದ್ದೆ ಇದರಿಂದ ಆಗಲ್ಲ. ಡೆಕ್ಸಾ ಅನ್ನೋ ಸ್ಟೀರಾಯ್ಡ್ ಜೊತೆ ಹೆಸರು ಗೊಂದಲ ಮಾಡ್ಕೋಬೇಡಿ. ತಲೆಪೆಟ್ಟಿಗೆ ಸ್ಟೀರಾಯ್ಡ್ ಕೊಟ್ರೆ ಊತ ಇಳಿಯತ್ತೆ ಅಂತ ವರ್ಷಗಟ್ಟಲೆ ನಂಬಿದ್ರು, 10,000 ಪೇಷಂಟ್‌ಗಳನ್ನ ಸೇರಿಸಿ ಮಾಡಿದ ಕ್ರಾಶ್ ಅಧ್ಯಯನ 2004ರಲ್ಲಿ ಬಂದಾಗ ಸ್ಟೀರಾಯ್ಡ್ ತಗೊಂಡೋರೇ ಹೆಚ್ಚು ಸತ್ತಿದ್ರು. "ನಮ್ಮೂರ ಡಾಕ್ಟ್ರು ಡೆಕ್ಸಾ ಹಾಕಿ ಅಂದ್ರು" ಅಂತ ಇವತ್ತಿಗೂ ಯಾರಾದ್ರೂ ಬರ್ತಾರೆ.

ಕೊನೇ ಬಾಣ ಥಯೋಪೆಂಟೋನ್. ಬೇರೆ ಎಲ್ಲಾ ಮಾಡಿದ್ರೂ ಪ್ರೆಶರ್ ಇಳೀಲಿಲ್ಲ ಅಂದಾಗ ಮಾತ್ರ. ಬುರುಡೆಯ ಮೂಳೆ ತೆಗೆದು ಊತಕ್ಕೆ ಜಾಗ ಮಾಡೋ ಆಪರೇಶನ್ ಇದೆಯಲ್ಲ, "ಮೂಳೆ ತೆಗೆದು ಹೊಟ್ಟೆ ಚರ್ಮದಡಿ ಇಟ್ಟಿದಾರೆ" ಅಂತ ಕೇಳಿರ್ತೀರ, ಅದೂ ಇದೂ ಒಂದೇ ಮೆಟ್ಟಿಲಿನವು. ಮೆದುಳಿನ ಕರೆಂಟ್ ಅಲೆ ತೋರಿಸೋ ಇಇಜಿ ಗೆರೆ ಒಂದಷ್ಟು ಸೆಕೆಂಡ್ ಚಪ್ಪಟೆ, ಮಧ್ಯೆ ಒಂದು ಗೊಂಚಲು ಅಲೆ, ಮತ್ತೆ ಚಪ್ಪಟೆ, ಅಷ್ಟು ಆಳಕ್ಕೆ ಇಳಿಸ್ತಾರೆ. ಬಿಪಿ ಬೀಳತ್ತೆ, ಸೋಂಕು ಹಿಡಿಯತ್ತೆ, ಪೊಟ್ಯಾಶಿಯಂ ಏರುಪೇರಾಗತ್ತೆ, ನಿಲ್ಲಿಸಿದ ಮೇಲೂ ದಿನಗಟ್ಟಲೆ ಮೈಯಲ್ಲಿ ಉಳಿಯತ್ತೆ. ಇದನ್ನ ಶುರು ಮಾಡೋ ದಿನ ಡಾಕ್ಟರ್ ಮನೆಯೋರನ್ನ ಕೂರಿಸಿ ಮಾತಾಡ್ತಾರೆ.

ಇನ್ನು ಸ್ನಾಯು ಸಡಿಲಿಸೋ ಔಷಧಿ, ಅಟ್ರಾಕ್ಯೂರಿಯಂ, ವೆಕ್ಯುರೋನಿಯಂ ಥರದ್ದು. ಅದು ನಿದ್ದೆ ಔಷಧಿನೇ ಅಲ್ಲ. ಮೈ ಅಲ್ಲಾಡದಂಗೆ ಮಾಡತ್ತೆ ಅಷ್ಟೇ, ಎಚ್ಚರ ಹಂಗೇ ಇರತ್ತೆ, ನೋವೂ ಹಂಗೇ ಇರತ್ತೆ. ನಿದ್ದೆ ಔಷಧಿ ಇಲ್ಲದೇ ಇದನ್ನ ಒಂದು ನಿಮಿಷನೂ ಓಡಿಸಬಾರದು.

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ನಿಜ ಹೇಳ್ಬೇಕು. ಇವುಗಳಲ್ಲಿ ಇಂಥದ್ದೇ ಕೊಟ್ರೆ ಹೆಚ್ಚು ಜನ ಬದುಕ್ತಾರೆ ಅಂತ ಯಾವ ಅಧ್ಯಯನನೂ ಗಟ್ಟಿಯಾಗಿ ತೋರಿಸಿಲ್ಲ. ಪ್ರೊಪೊಫಾಲ್ ಪ್ರೆಶರ್ ಇಳಿಸತ್ತೆ, ಆದ್ರೆ ಆರು ತಿಂಗಳ ನಂತರದ ಸ್ಥಿತಿ ಅದರಿಂದ ಸುಧಾರಿಸತ್ತೆ ಅನ್ನೋಕೆ ಪುರಾವೆ ಇಲ್ಲ. ಹಂಗಾಗಿ "ಪಕ್ಕದ ಬೆಡ್‌ಗೆ ದುಬಾರಿದು ಕೊಟ್ಟಿದಾರೆ, ನಮಗೆ ಅಗ್ಗದ್ದು" ಅಂತ ನೊಂದ್ಕೋಬೇಡಿ. ಅವರ ಬಿಪಿ, ಕಿಡ್ನಿ, ಇಂದು ಎಷ್ಟನೇ ದಿನ, ಇವನ್ನ ನೋಡಿ ಔಷಧಿ ಬದಲಾಗತ್ತೆ.

ಮಲಗಿರೋರ ಮೆದುಳು ನೋಡೋದು ಹೆಂಗೆ

ಪೇಚಾಟ ಇರೋದೇ ಇಲ್ಲಿ. ಮೆದುಳು ಹೆಂಗಿದೆ ಅಂತ ಹೇಳೋ ಅತಿ ಒಳ್ಳೆ ಸಾಕ್ಷಿ ಅಂದ್ರೆ ಎಚ್ಚರ, ಮಾತು, ಕೈಕಾಲು. ಮೆದುಳನ್ನ ಕಾಪಾಡೋಕೆ ಅಂತ ನಾವು ಮುಚ್ಚಿಬಿಟ್ಟಿದ್ದು ಅದನ್ನೇ.

ಉಳಿದಿರೋ ಕಿಟಕಿಗಳಲ್ಲಿ ದೊಡ್ಡದು ಕಣ್ಣಿನ ಪಾಪೆ. ಗಂಟೆಗೊಮ್ಮೆ ರೆಪ್ಪೆ ಎತ್ತಿ ಟಾರ್ಚ್ ಬಿಡ್ತೀವಿ. ಫೆಂಟನಿಲ್‌ನಿಂದ ಎರಡೂ ಪಾಪೆ ಸಾಸಿವೆ ಥರ ಸಣ್ಣಗಾಗಿರ್ತಾವೆ, ಆದ್ರೆ ಎರಡೂ ಒಂದೇ ಸಮ ಇರ್ತಾವೆ. ಒಂದು ಮಾತ್ರ ದೊಡ್ಡದಾಗಿ ಬೆಳಕಿಗೆ ಕುಗ್ಗದೇ ಇದ್ರೆ ಅದು ಔಷಧಿ ಆಟ ಅಲ್ಲ, ಒಳಗೆ ಮೆದುಳು ಜರುಗ್ತಿದೆ ಅಂತ, ರಾತ್ರಿ ಮೂರಾಗಿದ್ರೂ ಡಾಕ್ಟರನ್ನ ಎಬ್ಬಿಸಿ ಸಿಟಿ ಸ್ಕ್ಯಾನ್‌ಗೆ ಓಡ್ತೀವಿ. ಬುರುಡೆಗೆ ಸಣ್ಣ ತೂತು ಮಾಡಿ ಒಳಗಿಡೋ ಐಸಿಪಿ ವೈರ್ ಇನ್ನೊಂದು ಕಿಟಕಿ. ನಮ್ಮ ಕಡೆ ಎಲ್ಲಾ ಆಸ್ಪತ್ರೆಲಿ ಇದು ಇರಲ್ಲ, ಇಲ್ಲ ಅಂದ್ರೆ ಚಿಕಿತ್ಸೆನೇ ಇಲ್ಲ ಅಂತಲ್ಲ. ಬೊಲಿವಿಯಾ, ಎಕ್ವಡಾರ್‌ನಲ್ಲಿ 324 ಜನರ ಮೇಲೆ ನಡೆದು 2012ರಲ್ಲಿ ಬಂದ ಅಧ್ಯಯನದಲ್ಲಿ ವೈರ್ ನೋಡ್ಕೊಂಡು ಮಾಡಿದ ಚಿಕಿತ್ಸೆಗೂ ಸ್ಕ್ಯಾನ್ ಮತ್ತು ಪರೀಕ್ಷೆ ನೋಡ್ಕೊಂಡು ಮಾಡಿದ ಚಿಕಿತ್ಸೆಗೂ ಫಲಿತಾಂಶದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಕೇಸ್ ಶೀಟ್‌ನಲ್ಲಿ "ಇ1 ವಿಟಿ ಎಂ4" ಅಂತ ಬರೆದಿರೋದು ನೋಡಿ ಫೋಟೋ ತೆಗೆದು ನೆಂಟರಿಗೆಲ್ಲಾ ಕಳಿಸ್ತಾರೆ. ಅದು ಮೇಲೆ ಹೇಳಿದ ಜಿಸಿಎಸ್ ಲೆಕ್ಕನೇ, ಇ ಅಂದ್ರೆ ಕಣ್ಣು, ವಿ ಅಂದ್ರೆ ಮಾತು, ಎಂ ಅಂದ್ರೆ ಕೈಕಾಲು. ಟಿ ಅಂದ್ರೆ ಟ್ಯೂಬ್, ಮಾತು ಅಳೆಯಕ್ಕಾಗಲ್ಲ ಅಂತ. ನೀವು ನೋಡ್ಬೇಕಾಗಿರೋದು ಎಂ. ಎಂ4 ಅಂದ್ರೆ ನೋವು ಕೊಟ್ರೆ ಕೈ ಹಿಂದಕ್ಕೆ ಎಳ್ಕೊಳ್ತಾನೆ, ಎಂ5 ಅಂದ್ರೆ ನೋವು ಕೊಡೋ ಕೈಯನ್ನ ಹುಡುಕಿ ತಳ್ತಾನೆ, ಎಂ6 ಅಂದ್ರೆ ಹೇಳಿದ ಮಾತು ಕೇಳ್ತಾನೆ. ಆದ್ರೆ ಔಷಧಿ ಓಡ್ತಿರುವಾಗ ಬಂದ ನಂಬರ್ ಮೇಲೆ ಭವಿಷ್ಯ ಹೇಳಕ್ಕೆ ಬರಲ್ಲ.

ಎಬ್ಬಿಸೋದು

ಬೇರೆ ಐಸಿಯುಗಳಲ್ಲಿ ದಿನಕ್ಕೊಂದ್ಸಲ ನಿದ್ದೆ ಔಷಧಿ ನಿಲ್ಲಿಸಿ ನೋಡೋ ಪದ್ಧತಿ ಇದೆ. 2000ದಲ್ಲಿ ಬಂದ ಒಂದು ಅಧ್ಯಯನದಲ್ಲಿ ಹಂಗೆ ಮಾಡಿದೋರು ವೆಂಟಿಲೇಟರ್ ಮೇಲೆ ಸರಾಸರಿ 7 ದಿನದ ಬದಲು 5 ದಿನ ಇದ್ರು. ತಲೆಪೆಟ್ಟಲ್ಲಿ ಇದನ್ನ ಕಣ್ಣುಮುಚ್ಚಿ ಮಾಡಕ್ಕಾಗಲ್ಲ. ಐಸಿಪಿ ಏರಿರುವಾಗ ಎಬ್ಬಿಸಿದ್ರೆ ಕೆಮ್ಮಿ ಒದ್ದಾಡಿ ಇನ್ನೂ ಏರತ್ತೆ. ಹಂಗಾಗಿ ಪ್ರೆಶರ್ ಒಂದೆರಡು ದಿನ ಶಾಂತವಾಗಿದ್ದು, ಸ್ಕ್ಯಾನ್‌ನಲ್ಲಿ ಊತ ಇಳಿದಿದ್ರೆ ಮಾತ್ರ ಮೆಲ್ಲಗೆ ಔಷಧಿ ಇಳಿಸ್ತಾರೆ, ನಂಬರ್ ಏರಿದ್ರೆ ಅಲ್ಲೇ ನಿಲ್ಲಿಸಿ ಮತ್ತೆ ಮಲಗಿಸ್ತಾರೆ. ಎರಡು ಸಲ ಎಬ್ಬಿಸೋಕೆ ನೋಡಿ ಬಿಟ್ರು ಅಂದ್ರೆ ಕೈಬಿಟ್ರು ಅಂತಲ್ಲ.

ಎದ್ದೇಳೋದು ಸಿನಿಮಾ ಥರ ಇರಲ್ಲ, ಬೆರಳು ಅಲ್ಲಾಡಿ, ಕಣ್ಣು ಬಿಟ್ಟು, "ಅಮ್ಮಾ" ಅಂದು ಮುಗಿಯಲ್ಲ. ಮೊದಲು ಕಣ್ಣು ಬಿಡ್ತಾರೆ ಆದ್ರೆ ನೋಟ ನಿಲ್ಲಲ್ಲ. ಆಮೇಲೆ ಟ್ಯೂಬ್ ಕೀಳಕ್ಕೆ ಹೋಗ್ತಾರೆ, ಕೈ ಕಟ್ಟಬೇಕಾಗತ್ತೆ, ಕಟ್ಟಿದ್ದು ನೋಡಿ ಮನೆಯೋರು ಅಳ್ತಾರೆ. ಟ್ಯೂಬ್ ತೆಗೆದ ಮೇಲೆ ಕೆಲವರು ಹೆಂಡತೀನ ಗುರುತು ಹಿಡಿಯಲ್ಲ, ಜನ್ಮದಲ್ಲಿ ಕೆಟ್ಟ ಮಾತು ಆಡದ ಮೇಷ್ಟ್ರು ನಮಗೆ ಕಿವಿ ಮುಚ್ಕೊಳ್ಳೋ ಥರ ಬೈದಿದ್ದೂ ಉಂಟು. ಅದಕ್ಕೆ ಡೆಲಿರಿಯಂ ಅಂತಾರೆ, ಬಹಳಷ್ಟು ಜನಕ್ಕೆ ದಿನಗಳಲ್ಲಿ, ವಾರಗಳಲ್ಲಿ ಇಳಿಯತ್ತೆ. ಫಾರ್ಮುಲಾ ಒನ್‌ನ ಮೈಕಲ್ ಶುಮಾಕರ್ 2013ರ ಡಿಸೆಂಬರ್ 29ಕ್ಕೆ ಫ್ರಾನ್ಸ್‌ನಲ್ಲಿ ಸ್ಕೀ ಮಾಡ್ತಾ ಬಿದ್ದು ತಲೆ ಬಂಡೆಗೆ ಬಡಿದಿತ್ತು, ಹೆಲ್ಮೆಟ್ ಇತ್ತು. ಅವರ ನಿದ್ದೆ ಔಷಧಿ ಇಳಿಸೋಕೆ ಶುರು ಮಾಡಿದ ಸುದ್ದಿ ಬಂದಿದ್ದು ಜನವರಿ ಕೊನೇಲಿ, ಕೋಮಾದಿಂದ ಹೊರಬಂದ್ರು ಅನ್ನೋ ಸುದ್ದಿ ಜೂನ್‌ನಲ್ಲಿ. ಔಷಧಿ ನಿಲ್ಲೋದು ಒಂದು ದಿನ, ಮೆದುಳು ಏಳೋದು ಇನ್ನೊಂದು ದಿನ, ಇವೆರಡರ ಮಧ್ಯೆ ಎಷ್ಟು ದೂರ ಅಂತ ಮೊದಲೇ ಹೇಳೋರು ಯಾರೂ ಇಲ್ಲ.

ಇದು ಬ್ರೈನ್ ಡೆತ್ ಅಲ್ಲ

2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೆಂಗಳೂರಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡಾಗ, ಮನೆಯೋರು ಅಂಗದಾನ ಮಾಡಿದಾಗ, ಕೋಮಾ, ಬ್ರೈನ್ ಡೆತ್ ಅನ್ನೋ ಪದಗಳು ಎಲ್ಲರ ಬಾಯಿಗೂ ಬಂದ್ವು, ಕಲಸುಮೇಲೋಗರನೂ ಆದ್ವು. ಔಷಧಿ ಕೊಟ್ಟು ಮಲಗಿಸಿದ್ದು ಕೋಮಾ ಥರ ಕಾಣತ್ತೆ, ಆದ್ರೆ ಸ್ವಿಚ್ ನಮ್ಮ ಕೈಲಿದೆ. ಪೆಟ್ಟಿಂದಲೇ ಆದ ಕೋಮಾದಲ್ಲಿ ಸ್ವಿಚ್ ನಮ್ಮ ಕೈಲಿಲ್ಲ, ಆದ್ರೆ ಮೆದುಳು ಜೀವಂತ ಇದೆ. ಬ್ರೈನ್ ಡೆತ್ ಅಂದ್ರೆ ಮೆದುಳಿನ ಕಾಂಡ ಸಮೇತ ನಿಂತುಹೋಗಿದೆ, ವಾಪಸ್ ಬರಲ್ಲ, ಕಾನೂನಿನ ಪ್ರಕಾರನೂ ಅದು ಸಾವು. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ನಾಲ್ಕು ಡಾಕ್ಟರ್‌ಗಳ ತಂಡ, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು ಅಂತಿದೆ. ಅದಕ್ಕೂ ಮುಂಚೆ ನಿದ್ದೆ ಔಷಧಿ ಮೈಯಿಂದ ಪೂರ್ತಿ ಇಳಿದಿರಲೇಬೇಕು. "ಔಷಧಿಯಿಂದ ಮಲಗಿದ್ದೋನ್ನ ಬ್ರೈನ್ ಡೆತ್ ಅಂದುಬಿಟ್ರೆ?" ಅನ್ನೋ ಭಯ ಇದ್ದೋರು "ಸೆಡೇಶನ್ ಯಾವತ್ತು ನಿಲ್ಲಿಸಿದ್ರಿ, ಯಾವ ಔಷಧಿ ಇತ್ತು" ಅಂತ ಧಾರಾಳವಾಗಿ ಕೇಳಿ.

ಮುಚ್ಚಿಡಬಾರದ ಒಂದು ವಿಷಯ

ಡಾಕ್ಟರ್ ಮೊದಲ ದಿನ ಕೇಳ್ತಾರೆ, ಕುಡಿಯೋ ಅಭ್ಯಾಸ ಇದ್ಯಾ ಅಂತ. ಅಪ್ಪ ಪಕ್ಕದಲ್ಲಿದ್ರೆ ಅಣ್ಣ ಹೇಳಲ್ಲ, ಹೆಂಡತಿ ಕಡೆಯೋರಿದ್ರೆ ಅಪ್ಪ ಹೇಳಲ್ಲ, ಪೊಲೀಸ್ ಕೇಸು, ಇನ್ಶೂರೆನ್ಸು ಅಂತ ಬೇರೆ ಹೆದರಿಕೆ. ದಿನಾ ಕುಡಿಯೋರಿಗೆ ಮಾಮೂಲಿ ಡೋಸ್‌ಗೆ ನಿದ್ದೆ ಹತ್ತಲ್ಲ, ಜೊತೆಗೆ ಎರಡು ಮೂರನೇ ದಿನ ಕುಡಿತ ನಿಂತ ನಡುಕ, ಫಿಟ್ಸ್ ಶುರು ಆಗಿ ಐಸಿಪಿ ಏರಿದ್ರೆ ನಾವು ಮೆದುಳಲ್ಲಿ ಹೊಸ ರಕ್ತಸ್ರಾವ ಆಯ್ತೇನೋ ಅಂತ ಸ್ಕ್ಯಾನ್‌ಗೆ ಓಡಿಸ್ತೀವಿ. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ಗಾಂಜಾ ಇದ್ರೂ ಅಷ್ಟೇ. ಒಬ್ಬ ಪೇಷಂಟ್‌ದು ಇದೇ ಥರ ಎರಡು ಸ್ಕ್ಯಾನ್ ಆದ ಮೇಲೆ ಅವನ ತಮ್ಮ ರಾತ್ರಿ ಹತ್ತೂವರೆಗೆ ಲಿಫ್ಟ್ ಹತ್ರ ನನ್ನ ತಡೆದು, ಅಪ್ಪ ಊಟಕ್ಕೆ ಹೋಗಿರೋದು ಗ್ಯಾರಂಟಿ ಮಾಡ್ಕೊಂಡು, "ಸಿಸ್ಟರ್, ದಿನಾ ಒಂದು ಕ್ವಾರ್ಟರ್ ಇರ್ತಿತ್ತು" ಅಂತ ಪಿಸುಗುಟ್ಟಿದ. ಒಳಗೆ ಹೋಗಿ ಡ್ಯೂಟಿ ಡಾಕ್ಟರಿಗೆ ಹೇಳಿದೆ, ಅವರು ಪಂಪ್ ಚಾರ್ಟ್ ತಗೊಂಡು ಆರ್ಡರ್ ಬದಲಾಯಿಸಿದ್ರು.